ಸಾಮಾಜಿಕ ಜಾಲತಾಣಗಳ ಮೂಲಕ ಸುದ್ದಿ ಸಂಗ್ರಹಣೆ ಮತ್ತು ಪರಿಶೀಲನೆ: ಕಾಫಿ ಸೀಮೆಯ ಪತ್ರಕರ್ತರಿಗೆ ಮಾಹಿತಿ

1. ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಹಾಗೂ ಸುತ್ತಲಿನ ಕಾಫಿ ಸೀಮೆಯಲ್ಲಿ ಸುದ್ದಿ ಸಂಗ್ರಹಣೆಯು ಬಯಲು ಸೀಮೆಯಲ್ಲಿರುವಷ್ಟು ಸುಲಭವಾದ ಕಾರ್ಯವಲ್ಲ. ಇಲ್ಲಿನ ಗ್ರಾಮಗಳಲ್ಲಿ ಮನೆಗಳು ಒಂದೆಡೆ ಸೇರಿರದೆ ತೋಟದಿಂದ ತೋಟಕ್ಕೆ, ಗುಡ್ಡದಿಂದ ಗುಡ್ಡಕ್ಕೆ ಹಂಚಿಹೋಗಿರುತ್ತವೆ. ಮಳೆಗಾಲದಲ್ಲಿ ಒಂದು ಮರ ರಸ್ತೆಗೆ ಉರುಳಿದರೂ ವರದಿಗಾರರು ಅರ್ಧ ದಿನ ತಡವಾಗಿ ಸ್ಥಳ ತಲುಪಬೇಕಾಗುತ್ತದೆ. ಹಿಂದೆ ಬಸ್ಸಿನ ನಿರ್ವಾಹಕರು, ಅಂಚೆಯವರು ಹಾಗೂ ಪೇಟೆಗೆ ಬಂದ ಬೆಳೆಗಾರರ ಬಾಯಿಂದ ತಿಳಿಯುತ್ತಿದ್ದ ಸಂಗತಿಗಳು ಇಂದು ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಹಾಗೂ ಎಕ್ಸ್ ಮುಂತಾದ ಸಾಮಾಜಿಕ ಜಾಲತಾಣಗಳ ಮೂಲಕ ಕ್ಷಣಾರ್ಧದಲ್ಲಿ ಕೈಗೆ ಬರುತ್ತಿವೆ.

ಈ ಸೌಲಭ್ಯದಿಂದ ಅನುಕೂಲವಿರುವಂತೆಯೇ ಅಪಾಯವೂ ಇರುತ್ತದೆ. ಘಾಟಿ ರಸ್ತೆ ತೆರೆದಿದೆ ಎಂಬ ಹಳೆಯ ಸಂದೇಶವನ್ನು ನಂಬಿ ರೋಗಿಯನ್ನು ಹೊತ್ತ ವಾಹನವೊಂದು ಕೊಟ್ಟಿಗೆಹಾರದವರೆಗೆ ಬಂದು ಹಿಂದಿರುಗಬೇಕಾದರೆ, ಆ ತಪ್ಪಿನ ಬೆಲೆಯನ್ನು ತೆರುವವನು ರೋಗಿಯೇ ಹೊರತು ಸಂದೇಶ ಕಳುಹಿಸಿದವನಲ್ಲ. ಆದುದರಿಂದ ಜಾಲತಾಣದ ಸಂದೇಶವನ್ನು ಸುದ್ದಿಯ ಸುಳಿವೆಂದು ಮಾತ್ರ ಪರಿಗಣಿಸಿ, ಸ್ಥಳದಲ್ಲಿರುವ ಒಬ್ಬ ವ್ಯಕ್ತಿಯ ಮಾತು ಅಥವಾ ಅಧಿಕೃತ ದಾಖಲೆಯಿಂದ ದೃಢಪಟ್ಟ ನಂತರವೇ ಸುದ್ದಿಯಾಗಿ ಪ್ರಕಟಿಸುವುದು ಅವಶ್ಯಕವಾಗಿರುತ್ತದೆ. ಇದನ್ನು ಸಾಧಿಸುವ ವಿಧಾನಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಹುಡುಕಾಟ ಮತ್ತು ಸ್ಥಳನಾಮಗಳ ತೊಡಕು

ಜಾಲತಾಣಗಳಲ್ಲಿ ಮಾಹಿತಿ ಹುಡುಕುವವರು ಮೊದಲಿಗೆ ಎದುರಿಸುವ ಸಮಸ್ಯೆ ಸ್ಥಳನಾಮಗಳದ್ದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ಬದಲಾದಾಗ ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಆದರೆ ಹಳೆಯ ಕಾಗುಣಿತವನ್ನು ಬಳಸುವವರು ಇಂದಿಗೂ ಅನೇಕರಿದ್ದಾರೆ. ಆದ್ದರಿಂದ ಕನ್ನಡ ಲಿಪಿಯಲ್ಲಿ ಒಮ್ಮೆ, ಹೊಸ ಇಂಗ್ಲಿಷ್ ಕಾಗುಣಿತದಲ್ಲಿ ಒಮ್ಮೆ ಹಾಗೂ ಹಳೆಯ ಕಾಗುಣಿತದಲ್ಲಿ ಒಮ್ಮೆ ಹುಡುಕುವುದು ಸೂಕ್ತ.

ಕಳಸದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಆ ಪದವನ್ನು ನಮೂದಿಸಿದರೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಳಸಾ ಹಳ್ಳಕ್ಕೆ ಸಂಬಂಧಿಸಿದ ಕಳಸಾ-ಬಂಡೂರಿ ಯೋಜನೆಯ ಚರ್ಚೆಗಳು ಹಾಗೂ ದೇವಾಲಯಗಳ ಕಳಸ ಪ್ರತಿಷ್ಠಾಪನೆಯ ಚಿತ್ರಗಳು ಒಟ್ಟಿಗೆ ಬರುತ್ತವೆ. ಹೊರನಾಡು ಎಂದು ಹುಡುಕಿದರೆ ಅನ್ನಪೂರ್ಣೇಶ್ವರಿ ಕ್ಷೇತ್ರದ ಜೊತೆಗೆ ಹೊರನಾಡ ಕನ್ನಡಿಗರ ಸಂಘಗಳ ಕಾರ್ಯಕ್ರಮಗಳೂ ಕಾಣಿಸುತ್ತವೆ. ಕಳಸ-ಹೊರನಾಡು ಮಾರ್ಗದ ಹೆಬ್ಬಾಳೆ ಸೇತುವೆಗೂ ಬೆಂಗಳೂರಿನ ಹೆಬ್ಬಾಳಕ್ಕೂ ಕಾಗುಣಿತದಲ್ಲಿ ಅಲ್ಪ ವ್ಯತ್ಯಾಸವಿದ್ದು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಅದೂ ಅಳಿಸಿಹೋಗುವ ಸಾಧ್ಯತೆ ಇರುತ್ತದೆ.

ಇದಕ್ಕೆ ಸರಳ ಪರಿಹಾರವೆಂದರೆ ಊರಿನ ಹೆಸರಿನೊಂದಿಗೆ ಪಕ್ಕದ ಊರು, ನದಿ ಅಥವಾ ರಸ್ತೆಯ ಹೆಸರನ್ನು ಸೇರಿಸಿ ಹುಡುಕುವುದು. 'ಕಳಸ ಭದ್ರಾ', 'ಕಳಸ ಸಂಸೆ', 'ಹೊರನಾಡು ಹೆಬ್ಬಾಳೆ', 'ಚಾರ್ಮಾಡಿ ಕೊಟ್ಟಿಗೆಹಾರ' ಇತ್ಯಾದಿಯಾಗಿ ನಮೂದಿಸಿದಲ್ಲಿ ಅನವಶ್ಯಕ ಫಲಿತಾಂಶಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಎಕ್ಸ್ ಜಾಲತಾಣದ ವಿಸ್ತೃತ ಹುಡುಕಾಟದಲ್ಲಿ ದಿನಾಂಕದ ಮಿತಿಯನ್ನೂ ಹಾಕಬಹುದಾಗಿದೆ. ಜನರು ಗುಡ್ಡ ಕುಸಿತವನ್ನು 'ಧರೆ ಜರಿದಿದೆ', 'ಗುಡ್ಡ ಜಾರಿದೆ' ಎಂದು ಬರೆಯುವರೇ ವಿನಾ ಕಡತದ ಭಾಷೆಯಲ್ಲಿ 'ಭೂಕುಸಿತ ಸಂಭವಿಸಿದೆ' ಎಂದು ಬರೆಯುವುದು ವಿರಳ. ಆದ್ದರಿಂದ ಆಡುಮಾತಿನ ಪದಗಳನ್ನೇ ಬಳಸಿ ಹುಡುಕುವುದು ಫಲಕಾರಿ.

3. ಖಾತೆಯ ಪರಿಶೀಲನೆ

ಮಾಹಿತಿ ನೀಡುತ್ತಿರುವ ಖಾತೆ ಯಾರದು ಎಂಬುದನ್ನು ಮೊದಲು ತಿಳಿಯಬೇಕು. ಎಕ್ಸ್‌ನಲ್ಲಿ 2023ರ ಏಪ್ರಿಲ್‌ನಿಂದ ನೀಲಿ ಗುರುತು ಹಣ ಪಾವತಿಸಿದವರಿಗೆ ದೊರೆಯುತ್ತಿರುವುದರಿಂದ ಆ ಗುರುತೊಂದೇ ಖಾತೆಯ ಅಧಿಕೃತತೆಗೆ ಸಾಕ್ಷಿಯಾಗಲಾರದು. ಸರ್ಕಾರಿ ಕಚೇರಿಯ ಹೆಸರಿನ ಖಾತೆಯಾದರೆ ಸಂಬಂಧಿತ ಕಚೇರಿಯ ಅಧಿಕೃತ ಜಾಲತಾಣದಲ್ಲಿ ಅದರ ಉಲ್ಲೇಖವಿದೆಯೇ ಎಂದು ನೋಡತಕ್ಕದ್ದು. ಫೇಸ್‌ಬುಕ್ ಪುಟಗಳಲ್ಲಿ ಪುಟ ಆರಂಭವಾದ ದಿನಾಂಕ ಹಾಗೂ ಹಿಂದೆ ಇದ್ದ ಹೆಸರುಗಳ ವಿವರ ಲಭ್ಯವಿರುತ್ತದೆ. ಇಂದು 'ಮಲೆನಾಡು ಸುದ್ದಿ' ಎಂಬರ್ಥದ ಹೆಸರಿರುವ ಪುಟವು ಕಳೆದ ವರ್ಷ ಹಾಸ್ಯದ ಪುಟವಾಗಿತ್ತೆಂದು ತಿಳಿದುಬಂದಲ್ಲಿ ಅದರ ಸುದ್ದಿಯ ತೂಕ ತಾನಾಗಿಯೇ ಇಳಿಯುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಹಲವು ಬಾರಿ ರವಾನೆಯಾದ ಸಂದೇಶಕ್ಕೆ ಜೋಡಿ ಬಾಣದ ಗುರುತು ಇರುತ್ತದೆ. ಅಂತಹ ಸಂದೇಶ ಮೂಲ ಬರೆಹಗಾರನಿಂದ ಕನಿಷ್ಠ ಐದು ಕೈ ದಾಟಿ ಬಂದಿರುತ್ತದೆ. ಕಳುಹಿಸಿದವರು ಪರಿಚಿತರೇ ಆಗಿದ್ದರೂ 'ಇದು ನಿಮಗೆ ಯಾರಿಂದ ಬಂತು, ನೀವು ಕಣ್ಣಾರೆ ಕಂಡಿದ್ದೀರಾ' ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಸಿಕ್ಕ ಹೆಸರಿನಿಂದ ಮುಂದಿನ ಹೆಸರಿಗೆ ಹಿಮ್ಮುಖವಾಗಿ ಸಾಗುತ್ತಾ ಮೂಲ ವ್ಯಕ್ತಿಯನ್ನು ತಲುಪುವುದು ಉತ್ತಮ ವಿಧಾನ.

4. ಚಿತ್ರ ಹಾಗೂ ವಿಡಿಯೋಗಳ ಪರಿಶೀಲನೆ

ಕಾಫಿ ಸೀಮೆಯ ದೃಶ್ಯಗಳು ಒಂದನ್ನೊಂದು ಬಹುವಾಗಿ ಹೋಲುತ್ತವೆ. ಸಿಲ್ವರ್ ಮರಗಳ ನೆರಳು, ಕೆಂಪು ಮಣ್ಣು, ಹೆಂಚಿನ ಮಾಡು ಹಾಗೂ ಮಂಜು ಮೂಡಿಗೆರೆಯಲ್ಲಿರುವಂತೆಯೇ ಸಕಲೇಶಪುರ, ಕೊಡಗು ಮತ್ತು ಕೇರಳದ ವಯನಾಡಿನಲ್ಲೂ ಇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಹಾಗೂ 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ-ಚೂರಲ್‌ಮಲೆಯಲ್ಲಿ ಸಂಭವಿಸಿದ ದುರಂತಗಳ ದೃಶ್ಯಗಳು ಜಾಲತಾಣಗಳಲ್ಲಿ ಹೇರಳವಾಗಿದ್ದು, ಯಾವ ಮಳೆಗಾಲದಲ್ಲಾದರೂ ಬೇರೊಂದು ಊರಿನ ಹೆಸರಿನಲ್ಲಿ ಮರಳಿ ಬರಬಹುದಾಗಿದೆ. ಸ್ಥಳ ಸರಿಯಾಗಿದ್ದರೂ ವರ್ಷ ತಪ್ಪಾಗಿರುವ ಸಾಧ್ಯತೆಯೂ ಉಂಟು. ಹೆಬ್ಬಾಳೆ ಸೇತುವೆಯು ಹಲವು ಮಳೆಗಾಲಗಳಲ್ಲಿ ಭದ್ರೆಯ ನೀರಿನಲ್ಲಿ ಮುಳುಗಿದ್ದು, ಒಂದು ವರ್ಷದ ಮುಳುಗಡೆಯ ವಿಡಿಯೋವನ್ನು ಮತ್ತೊಂದು ವರ್ಷದ್ದರಿಂದ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ.

ಪರಿಶೀಲನೆಗೆ ಈ ಕೆಳಕಂಡ ವಿಧಾನಗಳು ಉಪಯುಕ್ತ:

ಅ) ಚಿತ್ರವನ್ನೇ ಆಧರಿಸಿ ಹುಡುಕುವ ಗೂಗಲ್ ಲೆನ್ಸ್, ಟಿನ್‌ಐ ಮುಂತಾದ ಸೌಲಭ್ಯಗಳಿಂದ ಅದೇ ಚಿತ್ರ ಹಿಂದೆ ಪ್ರಕಟವಾಗಿದೆಯೇ ಎಂದು ತಿಳಿಯಬಹುದು. ವಿಡಿಯೋ ಆಗಿದ್ದಲ್ಲಿ ಸ್ಪಷ್ಟವಾದ ಮೂರ್ನಾಲ್ಕು ದೃಶ್ಯಗಳನ್ನು ಸ್ಥಿರಚಿತ್ರಗಳಾಗಿ ತೆಗೆದು ಹುಡುಕಬೇಕು. ಹಳೆಯ ಪ್ರತಿ ದೊರೆತರೆ ಸಂದೇಶ ಸುಳ್ಳೆಂದು ಸಿದ್ಧವಾಗುತ್ತದೆ. ದೊರೆಯದಿದ್ದ ಮಾತ್ರಕ್ಕೆ ಸತ್ಯವೆಂದು ಸಿದ್ಧವಾಗುವುದಿಲ್ಲ.

ಆ) ದೃಶ್ಯದಲ್ಲಿನ ವಾಹನ ಸಂಖ್ಯೆ, ಅಂಗಡಿಯ ಫಲಕ, ಮೈಲಿಗಲ್ಲು, ಬಸ್ಸಿನ ಬಣ್ಣ ಹಾಗೂ ಜನರ ಮಾತನ್ನು ಗಮನಿಸಬೇಕು. ಕೆಎ-18 ಚಿಕ್ಕಮಗಳೂರಿನ, ಕೆಎ-66 ತರೀಕೆರೆಯ, ಕೆಎ-12 ಮಡಿಕೇರಿಯ ನೋಂದಣಿ ಸಂಖ್ಯೆಗಳು. ಪ್ರವಾಸಿಗರ ವಾಹನಗಳು ಎಲ್ಲೆಡೆಯಿಂದ ಬರುವ ಕಾರಣ ಒಂದೇ ವಾಹನವನ್ನು ಆಧರಿಸದೆ, ನಿಂತಿರುವ ಆಟೋ, ಜೀಪುಗಳ ಸಂಖ್ಯೆಗಳನ್ನು ನೋಡುವುದು ಮೇಲು.

ಇ) ವಿಡಿಯೋದ ಮೇಲೆ ಟಿಕ್‌ಟಾಕ್ ಗುರುತಿದ್ದಲ್ಲಿ ಎಚ್ಚರ ವಹಿಸತಕ್ಕದ್ದು. ಸದರಿ ಆ್ಯಪ್ 2020ರ ಜೂನ್ 29ರಂದು ಭಾರತದಲ್ಲಿ ನಿಷೇಧಗೊಂಡಿರುವುದರಿಂದ ಅಂತಹ ಸ್ಥಳೀಯ ದೃಶ್ಯವು ಬಹುತೇಕ ಅದಕ್ಕೂ ಹಿಂದಿನದಾಗಿರುತ್ತದೆ.

ಈ) ಚಿತ್ರ ತೆಗೆದ ದಿನ, ಸಮಯ ಮುಂತಾದ ಅಂತರ್ಗತ ವಿವರಗಳು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಅಳಿಸಿಹೋಗುತ್ತವೆ. ಕಡತದ ಹೆಸರಿನಲ್ಲಿ ಕಾಣುವ ದಿನಾಂಕವನ್ನು ಚಿತ್ರ ತೆಗೆದ ದಿನಾಂಕವೆಂದು ಭಾವಿಸಬಾರದು. ಮೂಲ ವ್ಯಕ್ತಿ ಸಿಕ್ಕಿದಲ್ಲಿ ಅದೇ ಚಿತ್ರವನ್ನು 'ಡಾಕ್ಯುಮೆಂಟ್' ರೂಪದಲ್ಲಿ ಕಳುಹಿಸುವಂತೆ ಕೋರಿದರೆ ಆ ವಿವರಗಳು ಉಳಿದು ಬರುತ್ತವೆ.

ಉ) ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಚಿರತೆ, ಹುಲಿ, ಕಾಡಾನೆಗಳ ಚಿತ್ರಗಳೂ ಇಂದು ಹರಿದಾಡುತ್ತಿವೆ. ಅಂಗಡಿ ಫಲಕದ ಕನ್ನಡ ಅಕ್ಷರಗಳು ಅರ್ಥಹೀನವಾಗಿದ್ದರೆ ಸಂಶಯಪಡಬೇಕು. ಇಂತಹ ಚಿತ್ರಗಳನ್ನು ಪತ್ತೆಹಚ್ಚುವುದಾಗಿ ಹೇಳುವ ತಂತ್ರಾಂಶಗಳ ಫಲಿತಾಂಶವನ್ನು ಅಂತಿಮವೆಂದು ಪರಿಗಣಿಸಲಾಗದು. ಸ್ಥಳೀಯ ವಲಯ ಅರಣ್ಯಾಧಿಕಾರಿಗಳನ್ನು ವಿಚಾರಿಸುವುದೇ ನೇರವಾದ ದಾರಿ.

5. ಸಂದೇಶ ಬಾರದ ಊರುಗಳು: 2019ರ ಆಗಸ್ಟ್‌ನ ಪಾಠ

2019ರ ಆಗಸ್ಟ್ ಎರಡನೇ ವಾರದಲ್ಲಿ ಸುರಿದ ಭಾರೀ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಮುಂತಾದ ಗ್ರಾಮಗಳಲ್ಲಿ ಗುಡ್ಡಗಳು ಕುಸಿದು ಮನೆಗಳೂ ಕಾಫಿ ತೋಟಗಳೂ ನಾಶವಾದವು. ರಾಷ್ಟ್ರೀಯ ಹೆದ್ದಾರಿ 73ರ ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಕುಸಿತ ಉಂಟಾಗಿ ಸಂಚಾರ ಸ್ಥಗಿತಗೊಂಡಿತು. ಆಗ ಮೂಡಿಗೆರೆ ತಾಲ್ಲೂಕಿಗೇ ಸೇರಿದ್ದ ಕಳಸ ಭಾಗದ ರಸ್ತೆಗಳಿಗೂ ಧಕ್ಕೆಯಾಯಿತು.

ಇಂತಹ ಸಂದರ್ಭಗಳಲ್ಲಿ ಜಾಲತಾಣವನ್ನು ಓದುವ ಕ್ರಮವೇ ಬೇರೆ. ಗುಡ್ಡ ಕುಸಿದಾಗ ವಿದ್ಯುತ್ ಕಂಬಗಳು ಉರುಳುತ್ತವೆ. ವಿದ್ಯುತ್ ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಗೋಪುರಗಳೂ ಸ್ತಬ್ಧವಾಗುತ್ತವೆ. ಪರಿಣಾಮವಾಗಿ ಪೇಟೆಯ ಬೀದಿಯಲ್ಲಿ ನಿಂತ ಮಳೆನೀರಿನ ವಿಡಿಯೋಗಳು ನೂರಾರು ಬರುತ್ತವೆ. ಅತ್ಯಂತ ಹೆಚ್ಚು ಹಾನಿಗೊಳಗಾದ ಗ್ರಾಮದಿಂದ ಒಂದು ಸಂದೇಶವೂ ಬಾರದೆ ಇರಬಹುದು. ಸಂದೇಶಗಳ ಸಂಖ್ಯೆಯನ್ನು ಹಾನಿಯ ಪ್ರಮಾಣವೆಂದು ತಿಳಿದಲ್ಲಿ ಪತ್ರಕರ್ತರ ಗಮನವೂ, ಅದನ್ನು ಅನುಸರಿಸಿ ನೆರವೂ ತಪ್ಪು ಕಡೆಗೆ ಹರಿಯುವ ಸಂಭವವಿದೆ.

ಆದ್ದರಿಂದ ಮಳೆಗಾಲಕ್ಕೆ ಮುನ್ನವೇ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು, ಪ್ರತಿ ಪಂಚಾಯಿತಿ ವ್ಯಾಪ್ತಿಯಲ್ಲಿ ಕನಿಷ್ಠ ಇಬ್ಬರ ದೂರವಾಣಿ ಸಂಖ್ಯೆ ಇಟ್ಟುಕೊಳ್ಳುವುದು ಸೂಕ್ತ. ಭಾರೀ ಮಳೆಯ ದಿನ ಯಾವ ಊರಿನಿಂದ ಸಂದೇಶ ಬಂದಿಲ್ಲ ಎಂಬುದನ್ನು ಗುರುತು ಹಾಕಿಕೊಂಡು ಅಲ್ಲಿಗೇ ಮೊದಲು ಕರೆ ಮಾಡಬೇಕು. ಕರೆ ಹೋಗದಿದ್ದಲ್ಲಿ ಅದನ್ನು ಜಿಲ್ಲಾ ತುರ್ತು ಸಹಾಯವಾಣಿ 1077ರ ಗಮನಕ್ಕೆ ತರಬಹುದಾಗಿದೆ. ಬೆಂಗಳೂರಿನಲ್ಲಿ ಕುಳಿತು ತಂದೆತಾಯಿಗಳಿಗೆ ಕರೆ ಸಿಗದೆ ಜಾಲತಾಣದಲ್ಲಿ ವಿಚಾರಿಸುತ್ತಿರುವ ಮಕ್ಕಳ ಸಂದೇಶಗಳು ಸಹ ಇಂತಹ ದಿನಗಳಲ್ಲಿ ಮೌಲ್ಯಯುತ ಸುಳಿವು. ಒಂದೇ ಊರಿನ ಬಗ್ಗೆ ಹಲವರು ವಿಚಾರಿಸುತ್ತಿದ್ದರೆ ಆ ಊರಿನ ಸಂಪರ್ಕ ಕಡಿದಿದೆಯೇ ಎಂದು ಕೂಡಲೇ ನೋಡಬೇಕು.

ರಸ್ತೆಯ ಸ್ಥಿತಿ ತಿಳಿಸುವಾಗ ವಾಹನದ ಬಗೆಯನ್ನೂ ನಮೂದಿಸಬೇಕು. 2019ರ ಕುಸಿತದ ನಂತರ ಚಾರ್ಮಾಡಿ ಘಾಟಿಯನ್ನು ಮೊದಲು ಲಘು ವಾಹನಗಳಿಗೆ, ಬಳಿಕ ಹಂತ ಹಂತವಾಗಿ ಇತರ ವಾಹನಗಳಿಗೆ ತೆರೆಯಲಾಯಿತು. 'ಘಾಟಿ ಓಪನ್ ಆಗಿದೆ' ಎಂಬ ಮೂರು ಪದಗಳ ಸಂದೇಶವು ಕಾರಿನವರಿಗೆ ನಿಜವಾಗಿದ್ದು ಲಾರಿಯವರಿಗೆ ಸುಳ್ಳಾಗಿರಬಹುದು. ಮಂಗಳೂರಿನ ಆಸ್ಪತ್ರೆಗಳನ್ನು ಅವಲಂಬಿಸಿರುವ ಈ ಭಾಗದ ಜನರಿಗೆ ಜಿಲ್ಲಾಧಿಕಾರಿಗಳ ಆದೇಶದ ದಿನಾಂಕ, ಅನುಮತಿಸಿದ ವಾಹನಗಳು, ಸಮಯ ಹಾಗೂ ಶಿರಾಡಿ ಅಥವಾ ಕುದುರೆಮುಖ ಮಾರ್ಗದ ಸ್ಥಿತಿ ಇವಿಷ್ಟೂ ತಿಳಿದಾಗ ಮಾತ್ರ ಆ ಸುದ್ದಿ ಪ್ರಯೋಜನಕ್ಕೆ ಬರುತ್ತದೆ.

6. ಮಳೆ ಹಾಗೂ ಕಾಫಿ ಧಾರಣೆಯ ಅಂಕಿಗಳು

ಕಾಫಿ ಬೆಳೆಗಾರರು ತೋಟದ ಮಳೆಮಾಪಕದ ಅಂಕಿಗಳನ್ನು ಪ್ರತಿದಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿಕೊಳ್ಳುವುದು ರೂಢಿ. ತಲೆಮಾರುಗಳಿಂದ ಮಳೆಯ ಲೆಕ್ಕ ಬರೆದಿಟ್ಟಿರುವ ತೋಟಗಳಿರುವುದರಿಂದ ಇದು ಅತ್ಯಂತ ಉಪಯುಕ್ತ ಮೂಲ. ಆದರೆ ತೋಟಗಳ ಲೆಕ್ಕ ಸಾಮಾನ್ಯವಾಗಿ ಇಂಚು ಮತ್ತು ಸೆಂಟ್‌ಗಳಲ್ಲಿದ್ದು, ಇಲಾಖೆಗಳ ಲೆಕ್ಕ ಮಿಲಿಮೀಟರ್‌ಗಳಲ್ಲಿರುತ್ತದೆ. 100 ಸೆಂಟ್‌ಗೆ ಒಂದು ಇಂಚು. ಒಂದು ಇಂಚಿಗೆ 25.4 ಮಿ.ಮೀ. '5 ಇಂಚು 40 ಸೆಂಟ್' ಎಂದರೆ ಸುಮಾರು 137 ಮಿ.ಮೀ. ಆಗಿದ್ದು, ಹವಾಮಾನ ಇಲಾಖೆಯ ವರ್ಗೀಕರಣದಂತೆ 115.6ರಿಂದ 204.4 ಮಿ.ಮೀ.ವರೆಗಿನ 'ಅತಿ ಭಾರೀ ಮಳೆ'ಯ ವ್ಯಾಪ್ತಿಗೆ ಬರುತ್ತದೆ. ಇಲಾಖೆಯ ಮಳೆ ದಿನವು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಇರುವುದನ್ನೂ ನೆನಪಿಡಬೇಕು. ತೋಟದ ಅಂಕಿಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಮೀಪದ ಮಳೆಮಾಪಕದೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಎರಡು ಕಣಿವೆಗಳ ನಡುವೆ ಮಳೆಯ ಪ್ರಮಾಣದಲ್ಲಿ ನೈಜ ವ್ಯತ್ಯಾಸವಿರುವುದರಿಂದ ಅಂಕಿಗಳು ತಾಳೆಯಾಗದ ಮಾತ್ರಕ್ಕೆ ಬೆಳೆಗಾರರ ಲೆಕ್ಕ ತಪ್ಪೆಂದು ತಳ್ಳಿಹಾಕಬಾರದು.

ಕಾಫಿ ಧಾರಣೆಯ ಸಂದೇಶಗಳಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಸಂಪೂರ್ಣವಾಗಿ ಕೊನೆಗೊಂಡ ನಂತರ ಬೆಳೆಗಾರರು ಮುಕ್ತ ಮಾರುಕಟ್ಟೆಯಲ್ಲಿ ಮಾರಾಟ ಮಾಡುತ್ತಿದ್ದಾರೆ. ಗುಂಪುಗಳಲ್ಲಿ ಬರುವ ದರ ಒಬ್ಬ ವ್ಯಾಪಾರಿ ಆ ದಿನ ಕೊಡಲು ಒಪ್ಪಿದ ದರವಾಗಿರುತ್ತದೆಯೇ ಹೊರತು ಸರ್ಕಾರ ನಿಗದಿಪಡಿಸಿದ ದರವಲ್ಲ. ಸ್ಥಳೀಯವಾಗಿ ಪಾರ್ಚ್‌ಮೆಂಟ್ ಮತ್ತು ಚೆರಿಯ ದರಗಳನ್ನು 50 ಕೆ.ಜಿ. ಚೀಲಕ್ಕೆ ಹೇಳುವುದು ವಾಡಿಕೆ. ನ್ಯೂಯಾರ್ಕ್‌ನ ಅರೇಬಿಕಾ ದರ ಒಂದು ಪೌಂಡಿಗೆ ಇಷ್ಟು ಸೆಂಟ್ ಎಂದೂ, ಲಂಡನ್‌ನ ರೊಬಸ್ಟಾ ದರ ಒಂದು ಟನ್ನಿಗೆ ಇಷ್ಟು ಡಾಲರ್ ಎಂದೂ ಇರುತ್ತದೆ. ಉದಾಹರಣೆಗೆ, ಪೌಂಡಿಗೆ 300 ಸೆಂಟ್ ಎಂದರೆ ಕೆ.ಜಿ.ಗೆ ಸುಮಾರು 6.61 ಡಾಲರ್ ಆಗುತ್ತದೆ. ಅಲ್ಲದೆ ಆ ದರಗಳು ಕ್ಯೂರಿಂಗ್ ಮುಗಿದ ಬೀಜಕ್ಕೆ ಸಂಬಂಧಿಸಿದವು. ತೋಟದಿಂದ ಹೊರಡುವ ಪಾರ್ಚ್‌ಮೆಂಟ್, ಚೆರಿಗಳನ್ನು ಕ್ಯೂರಿಂಗ್ ಮಾಡಿದಾಗ ತೂಕ ಇಳಿಯುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ 'ವಿದೇಶದಲ್ಲಿ ದರ ಇಷ್ಟಿದ್ದರೂ ಇಲ್ಲಿ ಮೋಸ' ಎಂದು ಬರೆದಲ್ಲಿ, ಅಥವಾ ಏರಿಕೆಯ ವದಂತಿಯನ್ನು ದೃಢಪಡಿಸದೆ ಪ್ರಕಟಿಸಿದಲ್ಲಿ, ವರ್ಷದ ಫಸಲನ್ನು ಯಾವ ದಿನ ಮಾರಬೇಕೆಂದು ಯೋಚಿಸುತ್ತಿರುವ ಸಣ್ಣ ಬೆಳೆಗಾರರು ನಷ್ಟಕ್ಕೆ ಗುರಿಯಾಗಬಹುದು. ಕನಿಷ್ಠ ಇಬ್ಬರು ವ್ಯಾಪಾರಿಗಳನ್ನು ಹಾಗೂ ಆ ದಿನ ನಿಜವಾಗಿ ಮಾರಾಟ ಮಾಡಿದ ಒಬ್ಬ ಬೆಳೆಗಾರರನ್ನು ವಿಚಾರಿಸಿ ಬರೆಯುವುದು ಕ್ಷೇಮ.

7. ವದಂತಿಗಳು

2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ಹಾಗೂ ಜಾಲತಾಣಗಳಲ್ಲಿ ಹರಡಿದ ವದಂತಿಗಳಿಂದ ಭಯಗೊಂಡ ಈಶಾನ್ಯ ರಾಜ್ಯಗಳ ಸಹಸ್ರಾರು ಮಂದಿ ಬೆಂಗಳೂರಿನಿಂದ ರೈಲುಗಳಲ್ಲಿ ತೆರಳಿದರು. ಕೇಂದ್ರ ಸರ್ಕಾರವು ಸಗಟು ಎಸ್‌ಎಂಎಸ್‌ಗಳ ಮೇಲೆ 15 ದಿನಗಳ ನಿರ್ಬಂಧ ವಿಧಿಸಬೇಕಾಯಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳಿಗೆ ಚಾಕೊಲೇಟ್ ನೀಡಿದ ಪ್ರಯಾಣಿಕರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಡಿದ್ದರಿಂದ ಗುಂಪು ಹಲ್ಲೆ ನಡೆದು ಹೈದರಾಬಾದಿನ ಯುವಕರೊಬ್ಬರು ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹೇರಿತು.

ಕಾಫಿ ಸೀಮೆಗೆ ಇದು ದೂರದ ವಿಷಯವಲ್ಲ. ಇಲ್ಲಿನ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ ಮುಂತಾದ ದೂರದ ರಾಜ್ಯಗಳಿಂದ ಬಂದ ಕಾರ್ಮಿಕ ಕುಟುಂಬಗಳು ವಾಸಿಸುತ್ತಿದ್ದು, ಭಾಷೆ ಬಾರದ ಅಪರಿಚಿತರೆಂಬ ಕಾರಣಕ್ಕೆ ಅವರು ಸುಲಭವಾಗಿ ಸಂಶಯಕ್ಕೆ ಗುರಿಯಾಗಬಲ್ಲರು. 'ಅಪರಿಚಿತರ ಓಡಾಟ, ಎಚ್ಚರಿಕೆ' ಎಂಬ ಸಂದೇಶ ಬಂದಾಗ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ದೂರು ದಾಖಲಾಗಿಲ್ಲವಾದರೆ ಸಂದೇಶವನ್ನು ಯಥಾವತ್ತಾಗಿ ಪುನಃ ಪ್ರಕಟಿಸದೆ ಇರುವುದು ಅತ್ಯವಶ್ಯ. ಸುಳ್ಳೆಂದು ಸ್ಪಷ್ಟಪಡಿಸುವ ವರದಿಯಲ್ಲಿಯೂ ಶೀರ್ಷಿಕೆಯಲ್ಲಿ ನಿಜಾಂಶವೇ ಮೊದಲು ಇರತಕ್ಕದ್ದು, ಯಾಕೆಂದರೆ ಬಹಳಷ್ಟು ಓದುಗರು ಶೀರ್ಷಿಕೆಯಷ್ಟನ್ನೇ ಓದುತ್ತಾರೆ. ಕೇಂದ್ರ ಸರ್ಕಾರದ ಯೋಜನೆಗಳ ಬಗೆಗಿನ ಸಂದೇಶಗಳ ಕುರಿತು ಪಿಐಬಿಯು 2019ರಲ್ಲಿ ಆರಂಭಿಸಿದ ಸತ್ಯ ಪರಿಶೀಲನಾ ಘಟಕದ ಪ್ರಕಟಣೆಗಳನ್ನು ನೋಡಬಹುದು.

8. ಮಾಹಿತಿ ನೀಡುವವರ ಹಿತ ಮತ್ತು ಕಾನೂನು

ಕುಸಿಯುತ್ತಿರುವ ಧರೆಯ ಬಳಿ ನಿಂತು ವಿಡಿಯೋ ಕಳುಹಿಸಿದವರನ್ನು ಸಂಪರ್ಕಿಸಿದಾಗ ಅವರು ಸುರಕ್ಷಿತ ಸ್ಥಳದಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಇನ್ನೂ ಹತ್ತಿರ ಹೋಗಿ ಮತ್ತೊಂದು ದೃಶ್ಯ ತೆಗೆಯುವಂತೆ ಎಂದಿಗೂ ಕೋರಬಾರದು. ಕಾಡಾನೆಗಳು ಇರುವ ನಿಖರ ತಾಣವನ್ನು ಕೂಡಲೇ ಜಾಲತಾಣದಲ್ಲಿ ಪ್ರಕಟಿಸಿದರೆ ಜನಜಂಗುಳಿ ಸೇರಿ ಅನಾಹುತವಾಗಬಹುದು. ತೋಟಕ್ಕೆ ಕೆಲಸಕ್ಕೆ ಹೋಗುವವರಿಗೆ ಅಗತ್ಯವಿರುವ ಎಚ್ಚರಿಕೆಯನ್ನು ಅರಣ್ಯ ಇಲಾಖೆಯ ಸೂಚನೆಯಂತೆ ನೀಡುವುದು ಸಮಂಜಸ.

ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿರುವ ಚಿತ್ರವು ಎಲ್ಲರಿಗೂ ಸೇರಿದ ಸ್ವತ್ತಾಗುವುದಿಲ್ಲ. ಕೃತಿಸ್ವಾಮ್ಯ ಅಧಿನಿಯಮ, 1957ರಂತೆ ಅದರ ಹಕ್ಕು ಸಾಮಾನ್ಯವಾಗಿ ಚಿತ್ರ ತೆಗೆದವರಿಗೇ ಇರುವುದರಿಂದ ಅನುಮತಿ ಪಡೆದು ಹೆಸರು ನಮೂದಿಸಬೇಕು. ಹೆಸರು ಬೇಡವೆಂದವರ ಹೆಸರನ್ನು ಗೌಪ್ಯವಾಗಿಡಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದನ್ನು ಭಾರತೀಯ ನ್ಯಾಯ ಸಂಹಿತೆ, 2023ರ 72ನೇ ಪ್ರಕರಣವೂ, ಮಕ್ಕಳಾಗಿದ್ದಲ್ಲಿ ಪೋಕ್ಸೊ ಅಧಿನಿಯಮ, 2012ರ 23ನೇ ಪ್ರಕರಣವೂ ನಿರ್ಬಂಧಿಸುತ್ತವೆ. ಅವರ ಹೆಸರು ಜಾಲತಾಣದಲ್ಲಿ ಈಗಾಗಲೇ ಹರಿದಾಡುತ್ತಿದೆ ಎಂಬುದು ಸಮರ್ಥನೆಯಾಗಲಾರದು. ಮುಖ್ಯವಾದ ಬರೆಹ ಅಥವಾ ವಿಡಿಯೋ ಅಳಿಸಿಹೋಗುವ ಮುನ್ನ ಅದರ ವಿಳಾಸ, ದಿನಾಂಕ ಹಾಗೂ ಪ್ರತಿಯನ್ನು ಉಳಿಸಿಟ್ಟುಕೊಳ್ಳುವುದು ಮುಂದೆ ವಿವಾದ ಉಂಟಾದಲ್ಲಿ ಉಪಯೋಗಕ್ಕೆ ಬರುತ್ತದೆ. ಜಾಲತಾಣದಲ್ಲಿ ಕೇಳಿಬಂದ ಆರೋಪಗಳಿಗೆ ದಾಖಲೆ ಬೇಕಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದಾಗಿದ್ದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

9. ಪ್ರಕಟಣೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಮೂಲ ಸಂದೇಶ ಯಾರದು? ಅವರೊಡನೆ ನೇರವಾಗಿ ಮಾತನಾಡಲಾಗಿದೆಯೇ?
2) ಸ್ಥಳ ಯಾವುದು? ಅದೇ ಹೆಸರಿನ ಬೇರೆ ಊರು ಇದೆಯೇ?
3) ದಿನಾಂಕ ಯಾವುದು? ಹಿಂದಿನ ವರ್ಷಗಳ ದೃಶ್ಯವಲ್ಲವೆಂದು ಖಚಿತವಾಗಿದೆಯೇ?
4) ಅಂಕಿಗಳ ಅಳತೆ, ತೂಕ, ಅವಧಿ ಸರಿಯಾಗಿವೆಯೇ?
5) ಸಂಬಂಧಿತ ಅಧಿಕಾರಿ ಅಥವಾ ಸ್ಥಳದಲ್ಲಿರುವ ಮತ್ತೊಬ್ಬರು ದೃಢಪಡಿಸಿದ್ದಾರೆಯೇ?
6) ಪ್ರಕಟಣೆಯಿಂದ ಯಾರ ಜೀವಕ್ಕಾಗಲಿ ಮಾನಕ್ಕಾಗಲಿ ಧಕ್ಕೆಯಾಗುವುದೇ?
7) ಯಾವ ಊರಿನಿಂದ ಮಾಹಿತಿ ಬಂದಿಲ್ಲ? ಅಲ್ಲಿಗೆ ಕರೆ ಮಾಡಲಾಗಿದೆಯೇ?

ಒಂದು ವೇಳೆ ತಪ್ಪು ಪ್ರಕಟವಾದಲ್ಲಿ, ತಪ್ಪು ಹೋದ ಎಲ್ಲ ಗುಂಪುಗಳಿಗೂ ಪುಟಗಳಿಗೂ ತಿದ್ದುಪಡಿಯನ್ನು ಸಮಯ ನಮೂದಿಸಿ ಕಳುಹಿಸುವುದು ಪತ್ರಕರ್ತರ ಕರ್ತವ್ಯವಾಗಿರುತ್ತದೆ. ಮಳೆಗಾಲದ ರಾತ್ರಿ ಗುಡ್ಡದ ಮೇಲಿನ ಮನೆಯಲ್ಲಿ ಉಳಿಯಬೇಕೇ ಇಳಿದು ಹೋಗಬೇಕೇ ಎಂದು ನಿರ್ಧರಿಸುವ ಕುಟುಂಬವು ಕೈಯಲ್ಲಿರುವ ಮೊಬೈಲಿನ ಒಂದು ಸಾಲನ್ನು ನಂಬಿ ನಡೆಯುವ ಸಂಭವವಿರುವುದರಿಂದ, ಆ ಸಾಲು ದೃಢಪಟ್ಟದ್ದಾಗಿರಬೇಕೆಂಬುದೇ ಈ ಮಾಹಿತಿಯ ಉದ್ದೇಶ.

ಹೆಚ್ಚಿನ ವಿವರಗಳಿಗೆ ಚಿಕ್ಕಮಗಳೂರಿನ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಜಿಲ್ಲಾ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.